ಪೆಟ್ಟಿಗೆಯೊಳಗಿನ ತಂಬೂರಿ

ನಮ್ಮ ಮನೆಯ ಪಡಸಾಲೆಯ ಗೂಟಕ್ಕೆ ಒಂದು ಏಕತಾರಿ ತೂಗುಹಾಕಿದೆ. ಒಂದು ಸೋರೆಬುರುಡೆ, ಒಂದು ಬಿದಿರಿನ ಕೋಲು, ಒಂದು ತಂತಿ, ಒಂದು ಬಿರಡೆ. ಇಷ್ಟೇ ಅದರ ಸಂಸಾರ. ಅದರ ಕೆಳಗಿನ ಮಾಡದಲ್ಲಿ, ಹಿಂದೆ ಎಣ್ಣೆಯ ಬುಡ್ಡಿ ಇಡುತ್ತಿದ್ದ ಜಾಗದಲ್ಲಿ, ಒಂದು ಕರಿಯ ಪೆಟ್ಟಿಗೆ ಕುಳಿತಿದೆ. ನಮ್ಮ ಆಯಿ ಎರಡನ್ನೂ ಸೀರೆಯ ಸೆರಗಿನಿಂದ ಒರೆಸುತ್ತಾಳೆ. ಆದರೆ ಪೆಟ್ಟಿಗೆಯನ್ನು ದಿನವೂ ಒರೆಸುತ್ತಾಳೆ, ಏಕತಾರಿಯನ್ನು ಹಬ್ಬಕ್ಕೊಮ್ಮೆ ಒರೆಸುತ್ತಾಳೆ. ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ನನ್ನ ಕಾರಣದಿಂದ. ಏಕತಾರಿಗೆ ಧೂಳು ಹತ್ತಿದ್ದೂ ನನ್ನ ಕಾರಣದಿಂದಲೇ. ಈ ಎರಡನೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲವಾದ್ದರಿಂದ ನಾನೇ ಇಲ್ಲಿ ಹೇಳಬೇಕಾಗಿದೆ.

ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಯ ಮೇಲೆ ನಮ್ಮೂರು. ನಮ್ಮ ಮುತ್ಯಾ ಒಕ್ಕಲಿಗನೂ ಹೌದು, ಪದಗಾರನೂ ಹೌದು. ಹಗಲು ತೊಗರಿಯ ಹೊಲ, ರಾತ್ರಿ ತತ್ವಪದ. ಪದಗಳ ಮಟ್ಟಿಗೆ ಅವನ ತವರುಮನೆ ಹೊಳೆಯ ಆಚೆಗಿನ ಸೀಮೆ. ಮೊದಲು ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ಪದಗಳೆಂದರೆ ಅವನಿಗೆ ಉಂಡ ಅನ್ನವಿದ್ದ ಹಾಗೆ. ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರ ಪದಗಳೆಂದರೆ ಅದರ ಮೇಲಿನ ತುಪ್ಪ. ಗುರು ಒಂದು ಮತದವರು, ಶಿಷ್ಯ ಇನ್ನೊಂದು ಮತದವರು ಎಂಬುದನ್ನು ನಾನು ಹೈಸ್ಕೂಲಿಗೆ ಬಂದ ಮೇಲೆ ತಿಳಿದುಕೊಂಡೆ. ಮುತ್ಯಾನಿಗೆ ಅದು ಹೇಳಬೇಕಾದ ವಿಷಯವೆಂದೇ ತೋರಿರಲಿಲ್ಲ.

ಎಂಟನೆಯ ವಯಸ್ಸಿನಲ್ಲಿ ನನಗೆ ಏಕತಾರಿ ಮೀಟುವ ನೌಕರಿ ಸಿಕ್ಕಿತು. ನೌಕರಿ ಎಂದೆನಾದರೂ ಸಂಬಳವೆಂದರೆ ಭಜನೆ ಮುಗಿದ ಮೇಲೆ ಹಂಚುವ ಪುಠಾಣಿ ಸಕ್ಕರೆಯಲ್ಲಿ ಒಂದು ಹಿಡಿ ಹೆಚ್ಚು. ಅಮವಾಸ್ಯೆಯ ರಾತ್ರಿ ಒಂಬತ್ತಕ್ಕೆ ಕುಳಿತರೆ ಬೆಳಗಿನ ಜಾವ. ಪೇಟಿಯವನು ಒಂದು ಪದ ಬಿಟ್ಟು ತಂಬಾಕು ತಿಕ್ಕಬಹುದು, ದಮ್ಮಡಿಯವನು ಚಹಾಕ್ಕೆಂದು ಏಳಬಹುದು, ತಾಳದವರು ಕೈ ಬದಲಾಯಿಸಬಹುದು. ಏಕತಾರಿಯವನಿಗೆ ಮಾತ್ರ ಬಿಡುವಿಲ್ಲ. ಅವನು ಮಾಡುವುದು ಏನೂ ಅಲ್ಲ. ಮಾಡದಿದ್ದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಮೂರನೆಯ ಪದದ ಹೊತ್ತಿಗೆ ನನ್ನ ತಲೆ ತೂಗತೊಡಗುತ್ತಿತ್ತು. ಬೆರಳು ನಿಂತೊಡನೆ ಮುತ್ಯಾನ ಮೊಣಕೈ ನನ್ನ ಪಕ್ಕೆಗೆ ಮುಟ್ಟುತ್ತಿತ್ತು. ಹಾಡು ನಿಲ್ಲಿಸದೆ, ಕಣ್ಣು ತೆರೆಯದೆ, ಸರಿಯಾಗಿ ಅದೇ ಪಕ್ಕೆಲುಬಿಗೆ ಮುಟ್ಟಿಸುವ ವಿದ್ಯೆ ಅವನಿಗೆ ಹೇಗೆ ಸಾಧಿಸಿತ್ತೋ ನಾನು ಕಾಣೆ.

ಶ್ರುತಿ ಎಂದರೇನೆಂದು ಯಾರಾದರೂ ಕೇಳಿದರೆ ಆಗ ನನಗೆ ಹೇಳಲು ಬರುತ್ತಿರಲಿಲ್ಲ. ಈಗ ಹೇಳಬಲ್ಲೆ. ರಾತ್ರಿ ಹೊಲದಿಂದ ಬರುವವನಿಗೆ ದೂರದಲ್ಲಿ ಊರ ದೀಪ ಕಾಣುತ್ತಿರಬೇಕು. ಅವನು ಅದನ್ನು ನೋಡುತ್ತ ನಡೆಯುವುದಿಲ್ಲ, ಆದರೆ ಅದು ಕಾಣದಿದ್ದರೆ ದಾರಿ ತಪ್ಪುತ್ತಾನೆ. ಹಾಡುವವನಿಗೆ ಷಡ್ಜ ಹಾಗೆ. ಒಂದೂವರೆ ತಾಸು ಹಾಡಿ ಕಾವೇರಿದ ಗಂಟಲು ತನಗೆ ತಿಳಿಯದಂತೆಯೇ ಮೇಲಕ್ಕೆ ಸರಿಯುತ್ತದೆ, ದಣಿದ ಗಂಟಲು ಕೆಳಕ್ಕೆ ಜಾರುತ್ತದೆ. ಹಿಂದೆ ಕುಳಿತವನ ತಂತಿ ಅದನ್ನು ಹಿಡಿದು ಮನೆಗೆ ಕರೆತರುತ್ತದೆ.

2023ರಲ್ಲಿ ನಾನು ಬಿ.ಎ. ಓದಲು ಆಳಂದಕ್ಕೆ ಬಂದು ಹಾಸ್ಟೆಲು ಸೇರಿದೆ. ಆಳಂದವೂ ನಮ್ಮೂರೂ ಒಂದೇ ಜಿಲ್ಲೆಯವಾದರೂ ಬಸ್ಸು ಬದಲಿಸಿ, ಕಾದು, ಮತ್ತೆ ಬದಲಿಸಿ ಹೋಗುವವನಿಗೆ ಅವು ಎರಡು ದೇಶಗಳು. ಮೊದಲ ಮೂರು ಅಮವಾಸ್ಯೆಗಳಿಗೆ ತಪ್ಪದೆ ಹೋದೆ. ನಾಲ್ಕನೆಯದಕ್ಕೆ ಪರೀಕ್ಷೆ. ಐದನೆಯದಕ್ಕೆ ಪರೀಕ್ಷೆಯೇನೂ ಇರಲಿಲ್ಲ. ಗೆಳೆಯರೊಂದಿಗೆ ಕಲಬುರಗಿಗೆ ಸಿನಿಮಾ ನೋಡಲು ಹೋಗಿದ್ದೆ. ಮನೆಗೆ ಫೋನು ಮಾಡಿ ಪರೀಕ್ಷೆ ಎಂದೇ ಹೇಳಿದೆ. ನನ್ನ ಜಾಗಕ್ಕೆ ಓಣಿಯ ಹುಡುಗನೊಬ್ಬ ಕುಳಿತನು. ಅವನು ಎರಡು ತಿಂಗಳಲ್ಲಿ ಪುಣೆಗೆ ದುಡಿಯಲು ಹೋದನು. ಆಮೇಲೆ ಕುಳಿತವನು ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದರಲ್ಲಿ ತಂತಿ ಮೀಟುತ್ತಿದ್ದನಂತೆ. ಮುತ್ಯಾ ಅವನನ್ನು ತಾನೇ ಏಳಿಸಿ ಕಳಿಸಿದನು.

2024ರ ಬೇಸಿಗೆಯಲ್ಲಿ ನಮ್ಮ ಕಾಕಾ ಕಲಬುರಗಿಯಲ್ಲಿ ಪೇಟಿ ರಿಪೇರಿ ಮಾಡುವವರೊಬ್ಬರ ಹತ್ತಿರ ಹಳೆಯದೊಂದು ಪೆಟ್ಟಿಗೆ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದನು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುವುದರಿಂದ ಇದಕ್ಕೆ ಕೂಡಲೇ ‘ಕರೆಂಟ್ ಪೇಟಿ’ ಎಂಬ ಹೆಸರು ಬಿತ್ತು. ಗುಂಡಿ ಒತ್ತಿದರೆ ಪ, ಸಾ, ಸಾ, ಕೆಳಗಿನ ಸಾ ಎಂದು ನಾಲ್ಕು ತಂತಿಯ ತಂಬೂರಿಯಂತೆ ಸುತ್ತತೊಡಗುತ್ತದೆ. ಒಂದು ತಿರುಗುಗುಂಡಿ ಶ್ರುತಿಗೆ, ಒಂದು ವೇಗಕ್ಕೆ, ಒಂದು ದನಿಯ ಏರಿಳಿತಕ್ಕೆ. ಮುತ್ಯಾನದು ಕರಿ ಒಂದರ ಶ್ರುತಿ. ಕಾಕಾ ಗುಂಡಿ ತಿರುಗಿಸಿ ಅಲ್ಲಿಗೆ ತಂದು ನಿಲ್ಲಿಸಿದನು. ಓಣಿಯ ಹೆಂಗಸರು ಒಳಗೆ ಯಾರಿದ್ದಾರೆಂದು ನೋಡುವವರಂತೆ ಬಗ್ಗಿ ನೋಡಿದರು. ಮುತ್ಯಾ ಬಹಳ ಹೊತ್ತು ಕೇಳಿದನಂತೆ. ಕೊನೆಗೆ ಒಂದೇ ಮಾತು ಹೇಳಿದನಂತೆ:

"ಛಲೋ ಅದ ಬಿಡು. ಇದಕ್ಕ ನಿದ್ದಿ ಬರಂಗಿಲ್ಲ."

ಕಾಕಾ ಇದನ್ನು ಫೋನಿನಲ್ಲಿ ನಗುತ್ತ ಹೇಳಿದನು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಮಾತ್ರ ಪಕ್ಕೆಲುಬಿನ ಹತ್ತಿರ ಏನೋ ಆದಂತಾಯಿತು.

ನನ್ನ ಬದಲಿಗೆ ಬಂದದ್ದು ಯಾರೆಂದು ತಿಳಿದುಕೊಳ್ಳುವ ಕುತೂಹಲ ನನಗಾದದ್ದು ಸಹಜವೇ. ಸಿಕ್ಕದ್ದನ್ನೆಲ್ಲ ಓದಿದೆ. ಇಂಥ ಯಂತ್ರಗಳು ಜಪಾನಿನಿಂದಲೋ ಜರ್ಮನಿಯಿಂದಲೋ ಬಂದಿರಬೇಕೆಂದು ನಾನು ಎಣಿಸಿದ್ದೆ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಜಿ. ರಾಜ್ ನಾರಾಯಣ್ ಎಂಬವರು ವೃತ್ತಿಯಿಂದ ಎಂಜಿನಿಯರು, ವಿದ್ಯೆಯಿಂದ ಕೊಳಲು ವಾದಕರು. ವಿದ್ಯುತ್ತಿನಿಂದ ಶ್ರುತಿ ಹಿಡಿಯುವ ಪೆಟ್ಟಿಗೆಯೊಂದನ್ನು ಮಾಡಿ 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ವಿದ್ವಾಂಸರ ಮುಂದೆ ಇಟ್ಟರು. ರಾಡೆಲ್ ಎಂಬ ಅವರ ಕಾರ್ಖಾನೆಯಿಂದ ಶ್ರುತಿಪೆಟ್ಟಿಗೆಯ ಬಳಿಕ ತಾಳ ಹಾಕುವ ಯಂತ್ರ ಬಂತು, ತಬಲ ನುಡಿಸುವ ಪೆಟ್ಟಿಗೆ ಬಂತು, ಡಿಜಿಟಲ್ ವೀಣೆಯೇ ಬಂತು.

ಆ ಮೊದಲ ಪೆಟ್ಟಿಗೆಗಳು ಬಹಳ ದೊಡ್ಡವಾಗಿದ್ದುವಂತೆ. ಇಂದು ಉಗುರಿನಷ್ಟು ಚಿಪ್ಪಿನಲ್ಲಿ ಅಡಗುವ ಸರ್ಕಿಟನ್ನು ಅವುಗಳಲ್ಲಿ ಬಿಡಿಬಿಡಿ ಭಾಗಗಳಿಂದಲೇ ಕಟ್ಟಬೇಕಾಗಿತ್ತು. ಇಂಥ ಹಳೆಯ ಬಗೆಯ ಪೆಟ್ಟಿಗೆಯೊಳಗೆ ತಂತಿಯೂ ಇಲ್ಲ, ಗಾಳಿಯೂ ಇಲ್ಲ. ಕಂಪಿಸುವುದು ಕೇವಲ ವಿದ್ಯುತ್ತು. ಸೆಕೆಂಡಿಗೆ ಎಷ್ಟು ಸಲ ಕಂಪಿಸಬೇಕೆಂಬುದನ್ನು ಒಳಗಿನ ರೆಸಿಸ್ಟರು, ಕೆಪಾಸಿಟರುಗಳು ನಿಶ್ಚಯಿಸುತ್ತವೆ. ಗುಂಡಿ ತಿರುಗಿಸಿದರೆ ಆ ಲೆಕ್ಕ ಬದಲಾಗುತ್ತದೆ, ಶ್ರುತಿ ಏರುತ್ತದೆ ಅಥವಾ ಇಳಿಯುತ್ತದೆ. ತೊಂದರೆಯೇನೆಂದರೆ ಈ ಬಿಡಿಭಾಗಗಳಿಗೂ ಸೆಕೆ ತಾಗುತ್ತದೆ. ಕಾವೇರಿದರೆ ಅವುಗಳ ಲೆಕ್ಕ ಕೊಂಚ ತಪ್ಪುತ್ತದೆ. ನಮ್ಮ ಸೀಮೆಯ ಮೇ ತಿಂಗಳಿನಲ್ಲಿ ಮನುಷ್ಯರ ಲೆಕ್ಕವೇ ತಪ್ಪುವಾಗ ಕೆಪಾಸಿಟರಿನ ಪಾಡೇನು? ಮುಂದೆ ಬಂದ ಡಿಜಿಟಲ್ ಪೆಟ್ಟಿಗೆಗಳಲ್ಲಿ ಈ ಕಾಟ ಇಲ್ಲ. ಅನೇಕವುಗಳಲ್ಲಿ ನಿಜವಾದ ತಂಬೂರಿಯ ದನಿಯನ್ನೇ ಹಿಡಿದು ನೆನಪಿನಲ್ಲಿಟ್ಟಿರುತ್ತಾರೆ. ನಮ್ಮ ಕಾಕಾ ತಂದದ್ದು ಮಾತ್ರ ಹಳೆಯ ಪೀಳಿಗೆಯದು. ಒಲೆಯ ಹತ್ತಿರ ಇಟ್ಟರೆ ಒಂದು ನಡತೆ, ಬಾಗಿಲ ಹತ್ತಿರ ಇಟ್ಟರೆ ಇನ್ನೊಂದು.

ಓದುತ್ತ ಹೋದಂತೆ ಜಗತ್ತಿನಲ್ಲಿ ಇಂಥ ಮಂದಿ ಬಹಳ ಮಂದಿ ಆಗಿಹೋಗಿದ್ದಾರೆಂದು ತಿಳಿಯಿತು. ರಷ್ಯದ ತೆರಮಿನ್ ಎಂಬ ವಿಜ್ಞಾನಿ 1920ರ ಸುಮಾರಿಗೆ, ಮುಟ್ಟದೆಯೇ ಬರಿಯ ಕೈ ಆಡಿಸಿ ನುಡಿಸುವ ವಾದ್ಯವನ್ನು ಕಟ್ಟಿದನು. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಸಿಂಥಸೈಸರನ್ನು ತಂದನು. 1969ರಲ್ಲಿ ಅಂಥದೊಂದು ಮೂಗ್ ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ಗೀತಾ ಸಾರಾಭಾಯಿ ಮೊದಲಾದವರು ಅದರ ಮೇಲೆ ಕೈಯಾಡಿಸಿದರು. ಆ ಟೇಪುಗಳು ಅರ್ಧ ಶತಮಾನ ಕಳೆದ ಮೇಲೆ, 2023ರಲ್ಲಿ, ಲೋಕಕ್ಕೆ ಕೇಳಿಸಿದುವು. ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಜಪಾನಿನ ಯಂತ್ರಗಳ ಮೇಲೆ ನುಡಿಸಿ ರೆಕಾರ್ಡು ಮಾಡಿದರು. ಆಗ ಅದನ್ನು ಕೊಂಡವರು ಕಡಿಮೆ. ಈಗ ಹೊರದೇಶದವರು ಅದನ್ನು ಹುಡುಕಿ ಹುಡುಕಿ ಕೇಳುತ್ತಾರೆ. ನಾನೂ ಹಾಸ್ಟೆಲಿನಲ್ಲಿ ಕೇಳಿದೆ. ಕುಣಿಯಬೇಕೆನ್ನಿಸಿತು, ಕೋಣೆಯಲ್ಲಿ ಜಾಗವಿರಲಿಲ್ಲ.

ಇವರೆಲ್ಲ ಯಾರೂ ಕೇಳದ ದನಿಯನ್ನು ಹುಡುಕಿಕೊಂಡು ಹೊರಟವರು. ಬೆಂಗಳೂರಿನ ಕೊಳಲಿನವರ ಯಂತ್ರದ ದಾರಿ ಬೇರೆ. ಅದು ಎಲ್ಲರೂ ಸಾವಿರ ಸಲ ಕೇಳಿದ, ಕೇಳಿಯೂ ಗಮನಿಸದ ದನಿಯನ್ನು ಹುಡುಕಿತು. ಮುಂದಿನ ಸಾಲಿನ ವಾದ್ಯಕ್ಕೆ ಸರಿಸಾಟಿಯಾಗಲು ಹೋಗದೆ ಹಿಂದಿನ ಸಾಲಿನಲ್ಲಿ ಕುಳಿತಿತು. ನನಗೆ ಇದರಲ್ಲಿ ಹೆಚ್ಚಿನ ಧೈರ್ಯ ಕಾಣುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ಕುಳಿತು ಬೆಳೆದವನ ಮಾತನ್ನು ಈ ವಿಷಯದಲ್ಲಿ ಪೂರ್ತಿ ನಂಬಬಾರದು. ಒಂಟಿಯಾಗಿ ಕುಳಿತು ಸಾಧನೆ ಮಾಡುವವನ ಕಷ್ಟ ಮಾತ್ರ ನನಗೆ ಗೊತ್ತು. ಅವನಿಗೆ ಬೆಳಗಿನ ನಾಲ್ಕು ಗಂಟೆಗೆ ತಂಬೂರಿ ಹಿಡಿಯುವ ಶಿಷ್ಯನನ್ನು ಯಾರು ಕೊಡುತ್ತಾರೆ? ಅಂಥವನ ಮನೆಯಲ್ಲಿ ಈ ಪೆಟ್ಟಿಗೆ ಯಾರ ಜಾಗವನ್ನೂ ಕಸಿಯಲಿಲ್ಲ. ಬರಿದಾಗಿದ್ದ ಜಾಗವನ್ನು ತುಂಬಿತು.

ಯಂತ್ರ ಬಂದು ಸಂಗೀತ ಕೆಟ್ಟಿತೆನ್ನುವವರು ನಮ್ಮ ಭಜನೆಯ ಪೇಟಿಯನ್ನು ಒಮ್ಮೆ ನೋಡಬೇಕು. ಅದೇನು ಬಸವಣ್ಣನವರ ಕಾಲದ್ದೇ? ಫ್ರಾನ್ಸಿನಲ್ಲಿ 1842ರಲ್ಲಿ ಪೇಟೆಂಟು ಪಡೆದ ಕಾಲಿನಿಂದ ತುಳಿಯುವ ವಾದ್ಯ, ಕಲಕತ್ತೆಗೆ ಬಂದು ಕೈತಿದಿಯಾಗಿ, ನೆಲದ ಮೇಲೆ ಕುಳಿತುಕೊಳ್ಳಲು ಕಲಿತು, ನಾಟಕ ಕಂಪನಿಗಳ ಬಂಡಿಯೇರಿ ನಮ್ಮ ಸೀಮೆಗೂ ಬಂತು. ಅದರ ಮನೆಗಳು ಕಟ್ಟಿಟ್ಟ ಮನೆಗಳು, ಅದರಲ್ಲಿ ಮೀಂಡಿಲ್ಲ, ಅದು ನಮ್ಮ ಶ್ರುತಿಗಳನ್ನು ಕೆಡಿಸುತ್ತದೆ ಎಂದು ದೊಡ್ಡವರು ಆಕ್ಷೇಪಿಸಿ 1940ರಲ್ಲಿ ರೇಡಿಯೋದಿಂದಲೇ ಹೊರಗೆ ಹಾಕಿದರು. 1971ರಲ್ಲಿ ನಿಷೇಧ ಸಡಿಲವಾಯಿತು. ಆ ಮೂವತ್ತು ವರ್ಷವೂ ನಮ್ಮ ಹಳ್ಳಿಗಳ ಭಜನೆಯವರು ತಮ್ಮ ಪಾಡಿಗೆ ತಾವು ತಿದಿ ಒತ್ತುತ್ತಿದ್ದರು. ಇಂದು ನಮ್ಮೂರಿನಲ್ಲಿ ಪೇಟಿ ಪರದೇಶದ್ದೆಂದರೆ ಜಗಳಕ್ಕೆ ಬಂದಾರು.

ಹಾಗೆಂದು ಪೆಟ್ಟಿಗೆಯ ದನಿ ತಂಬೂರಿಯ ದನಿಯೇ ಎಂದು ನಾನು ಹೇಳಲಾರೆ. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಒಂದು ನೂಲೆಳೆ ಸಿಕ್ಕಿಸುತ್ತಾರೆ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ಒಂದೆಡೆ ತಂತಿಯ ದನಿ ಅರಳಿ, ಒಂದು ಸ್ವರದೊಳಗಿಂದ ನೂರು ಸ್ವರ ಎದ್ದು ಬರುತ್ತವೆ. ಗಾಯಕರು ಇದಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ಜವಾರಿ ಜೋಳ, ಜವಾರಿ ಕೋಳಿ, ಜವಾರಿ ಬದನೆಕಾಯಿ. ಮಣ್ಣಿಗೆ ಒಗ್ಗಿದ ನಾಡತಳಿ. ಎರಡು ಶಬ್ದಗಳಿಗೂ ಸಂಬಂಧವಿಲ್ಲದಿರಬಹುದು, ಭಾಷಾಶಾಸ್ತ್ರದ ಮೇಷ್ಟ್ರು ಕ್ಷಮಿಸಬೇಕು, ಆದರೆ ಪೆಟ್ಟಿಗೆಯನ್ನು ಕೇಳಿದಾಗಲೆಲ್ಲ ನನಗೆ ಅಂಗಡಿಯ ಹೈಬ್ರಿಡ್ ಜೋಳದ ರೊಟ್ಟಿ ನೆನಪಾಗುತ್ತದೆ. ಹೊಟ್ಟೆ ತುಂಬುತ್ತದೆ. ಬೆಳ್ಳಗೂ ಇರುತ್ತದೆ. ಇನ್ನೊಂದು ಮಾತು: ಮೀರಜಿನ ಹೆಸರಾಂತ ತಂಬೂರಿಗಳಿಗೆ ಬುರುಡೆ ಬರುವುದು ಪಂಢರಪುರದ ಸುತ್ತಿನ ತೋಟಗಳಿಂದ. ಆ ಬುರುಡೆಗೆ ನೀರುಣಿಸುವ ಭೀಮೆಯೇ ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು ನಮ್ಮ ಹೊಲಗಳಿಗೆ ಬರುವವಳು. ಹೊಳೆಯ ದಂಡೆಯಲ್ಲಿ ಕುಳಿತಾಗ ಮುತ್ಯಾನಿಗೆ ಈ ಸಂಗತಿ ಹೇಳಿದೆ. ಅವನು ಬಹಳ ಸಂತೋಷಪಟ್ಟು, "ಹಂಗಾದ್ರ ಮ್ಯಾಲಿನ ನೀರೆಲ್ಲ ಪದ ಕೇಳೇ ಬರ್ತದ" ಎಂದನು.

ಕಳೆದ ವರ್ಷ ಜೇವರ್ಗಿಯ ಕಡೆಯ ಒಂದು ಊರಿನಲ್ಲಿ ಜಾತ್ರೆಯ ಭಜನೆಗೆ ನಮ್ಮೂರಿನ ಮೇಳಕ್ಕೆ ಕರೆ ಬಂತು. ಮುತ್ಯಾ ಮೇಳದವರೊಡನೆ ಟಂಟಂನಲ್ಲಿ ಹೋದನು. ನಾನು ಆಳಂದದಿಂದ ಕಲಬುರಗಿಗೆ ಬಂದು, ಅಲ್ಲಿಂದ ಕಟ್ಟಿಸಂಗಾವಿಯ ಸೇತುವೆ ದಾಟಿ, ಕತ್ತಲಾದ ಮೇಲೆ ಮುಟ್ಟಿದೆ. ಗುಡಿಯ ಮುಂದಿನ ಕಟ್ಟೆ ತುಂಬಿತ್ತು. ಮುತ್ಯಾನ ಮುಂದೆ ಮೈಕು, ಹಿಂದೆ ಪೆಟ್ಟಿಗೆ. ನಾನು ಅವನ ಎಡಗಡೆ, ನನ್ನ ಹಳೆಯ ಜಾಗದಲ್ಲಿ, ಕೈ ಬೀಸಿಕೊಂಡು ಕುಳಿತೆ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಮಡಿವಾಳಪ್ಪನವರ ಪದವೊಂದರ ನಡುವೆ ಕರೆಂಟು ಹೋಯಿತು. ದೀಪ ಹೋದುವು, ಮೈಕು ಹೋಯಿತು, ಪೆಟ್ಟಿಗೆಯೂ ಹೋಯಿತು. ನಮ್ಮ ಪೆಟ್ಟಿಗೆಗೆ ಸೆಲ್ ಹಾಕುವ ಜಾಗವಿದ್ದರೂ ಸೆಲ್ ಹಾಕುವವರು ಇರಲಿಲ್ಲ. ದೀಪ ಹೋದದ್ದಕ್ಕಿಂತ ಆ ದನಿ ಹೋದದ್ದೇ ಹೆಚ್ಚು ಕತ್ತಲೆಯಾಗಿ ತೋರಿತು. ಮುತ್ಯಾ ಹಾಡು ನಿಲ್ಲಿಸಲಿಲ್ಲ. ಆದರೆ ಅವನ ಮೊಣಕೈ ಹಿಂದಿನಂತೆಯೇ ಎಡಕ್ಕೆ ಬಂದು ನನ್ನ ಪಕ್ಕೆಗೆ ಮುಟ್ಟಿತು.

ನಾನು ಎಚ್ಚರವಾಗಿದ್ದೆ, ಏಕತಾರಿ ಮಾತ್ರ ಇರಲಿಲ್ಲ. ಅದು ಹೊಳೆಯ ಆಚೆ ನಮ್ಮ ಪಡಸಾಲೆಯ ಗೂಟದಲ್ಲಿತ್ತು. ಕತ್ತಲೆಯಲ್ಲಿ ಅವನು ಇನ್ನೊಮ್ಮೆ ಮುಟ್ಟಿಸಿದನು. ನನಗೆ ಬಾಯಿಯಿಂದ ‘ಸಾ’ ಎಂದು ಹಿಡಿಯುವುದಾದರೂ ಹೊಳೆಯಬೇಕಿತ್ತು, ಅದೂ ಹೊಳೆಯಲಿಲ್ಲ. ಪೇಟಿಯವನು ತಡವರಿಸಿ ಒಂದು ಮನೆ ಒತ್ತಿ ಹಿಡಿಯುವ ಹೊತ್ತಿಗೆ ಮುತ್ಯಾನ ದನಿ ಅರ್ಧ ಮನೆ ಮೇಲೆ ಹೋಗಿತ್ತು. ಎಪ್ಪತ್ತು ದಾಟಿದ ಗಂಟಲು, ಹಿಂದಕ್ಕೆ ಇಳಿಯುವಾಗ ಒಮ್ಮೆ ಒಡೆಯಿತು. ಕೇಳುವವರು ಯಾರೂ ಏನೂ ಅನ್ನಲಿಲ್ಲ. ಹಳ್ಳಿಯ ಮಂದಿ ಅಷ್ಟರ ಮಟ್ಟಿಗೆ ದೊಡ್ಡವರು. ಹತ್ತು ನಿಮಿಷದಲ್ಲಿ ಕರೆಂಟು ಬಂತು. ಪೆಟ್ಟಿಗೆ ಏನೂ ಆಗಿಲ್ಲವೆಂಬಂತೆ ಪ, ಸಾ, ಸಾ ಎಂದು ಹೊರಟಿತು.

ಬೆಳಿಗ್ಗೆ ಚಹಾ ಕುಡಿಯುವಾಗ ನಾನೇ ಮಾತು ತೆಗೆದೆ. "ಮುತ್ಯಾ, ರಾತ್ರಿ ಏಕತಾರಿ ಇದ್ದಿದ್ರ ಛಲೋ ಆಗ್ತಿತ್ತು."

"ಏಕತಾರಿ ಇದ್ರ ಏನಾಗ್ತಿತ್ತೋ ತಮ್ಮಾ," ಎಂದನು ಮುತ್ಯಾ, ಬಸಿಯಲ್ಲಿ ಚಹಾ ಆರಿಸುತ್ತ. "ತಂತಿ ತಾನ ಮೀಟ್ಕೊಂತದೇನು?"

ಆಮೇಲೆ ಅವನು ತೊಗರಿಯ ರೇಟಿನ ಮಾತು ಎತ್ತಿದನು. ಹಿಂದೆ ನಾನು ಪರೀಕ್ಷೆಯೆಂದು ಸುಳ್ಳು ಹೇಳಿದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಇಂದಿಗೂ ಕೇಳಿಲ್ಲ.

ಜೇವರ್ಗಿಯ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಪೆಟ್ಟಿಗೆಗೆ ಸೆಲ್ ಕೊಂಡು ಕಾಕಾನ ಕೈಗೆ ಕೊಟ್ಟೆ. ಏಕತಾರಿಗೆ ಹೊಸ ತಂತಿಯೊಂದನ್ನು ಕಲಬುರಗಿಯಲ್ಲಿ ಕೊಂಡು ನನ್ನ ಚೀಲದಲ್ಲಿ ಇಟ್ಟುಕೊಂಡೆ. ಮೊಬೈಲಿನಲ್ಲಿ ಈಗ ತಂಬೂರಿ, ತಬಲ ಎಲ್ಲ ಬಿಟ್ಟಿಯಾಗಿ ಸಿಗುತ್ತವೆಂದು ಗೆಳೆಯನೊಬ್ಬ ತೋರಿಸಿದನು. ನಿಜವೇ. ಪದದ ನಡುವೆ ಯಾರಾದರೂ ಫೋನು ಮಾಡಿದರೆ ಏನು ಗತಿ ಎಂದು ಕೇಳಿದ್ದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಮುಂದಿನ ಅಮವಾಸ್ಯೆಗೆ ಊರಿಗೆ ಹೋದೆ. ಏಕತಾರಿಯನ್ನು ಗೂಟದಿಂದ ಇಳಿಸಿ, ಧೂಳು ಒರೆಸಿ, ತಂತಿ ಬದಲಿಸಿದೆ. ಪೆಟ್ಟಿಗೆಯನ್ನು ಬಂದ್ ಮಾಡುವರೆಂದು ಎಣಿಸಿದ್ದೆ. ಯಾರೂ ಮಾಡಲಿಲ್ಲ. ಅದು ತನ್ನ ಜಾಗದಲ್ಲಿ ಸುತ್ತುತ್ತಲೇ ಇತ್ತು. ನಾನು ಒಮ್ಮೆ ಮೀಟಿದೊಡನೆ ಎಲ್ಲರ ಮುಖವೂ ಹುಳಿಯಾಯಿತು; ಹೊಸ ತಂತಿ, ಬಹಳ ಕೆಳಗಿತ್ತು.

"ಪೆಟಗಿಗಿ ಕೂಡಿಸ್ಕೋ," ಎಂದನು ಮುತ್ಯಾ.

ನನ್ನ ಏಕತಾರಿಯನ್ನು ಆ ಕರಿಯ ಪೆಟ್ಟಿಗೆಗೆ ಕೂಡಿಸಿಕೊಳ್ಳಬೇಕಾಯಿತು. ಕಿವಿಯನ್ನು ಅದರ ಹತ್ತಿರ ಒಯ್ದು ಬಿರಡೆ ತಿರುವಿದೆ. ಏರಿಸಿದೆ, ಹೆಚ್ಚಾಯಿತು, ಇಳಿಸಿದೆ. ಬೆಂಗಳೂರಿನ ಆ ಕೊಳಲಿನವರೂ ಮೊದಲ ಪೆಟ್ಟಿಗೆ ಕಟ್ಟುವಾಗ ಹೀಗೆಯೇ ಒಂದು ತಂಬೂರಿಯ ಹತ್ತಿರ ಕಿವಿಯಿಟ್ಟು ಗುಂಡಿ ತಿರುಗಿಸಿರಬೇಕಲ್ಲವೇ ಎನ್ನಿಸಿತು. ಆಗ ಪೆಟ್ಟಿಗೆ ತಂಬೂರಿಯನ್ನು ಕೇಳಿ ಕಲಿಯಿತು. ಈಗ ತಂತಿ ಪೆಟ್ಟಿಗೆಯನ್ನು ಕೇಳಬೇಕು. ಒಂದು ಗಳಿಗೆಯಲ್ಲಿ ಎರಡೂ ದನಿಗಳ ನಡುವಿನ ಅಲೆಯಾಟ ನಿಧಾನವಾಗುತ್ತ ಬಂದು ನಿಂತುಹೋಯಿತು. ಮುತ್ಯಾ ಕಣ್ಣು ಮುಚ್ಚಿ ಪದ ಎತ್ತಿದನು.

ಮೊದಲ ಪದ, ಎರಡನೆಯ ಪದ ಚೆನ್ನಾಗಿಯೇ ನಡೆದುವು. ಆಳಂದದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಮೂರನೆಯ ಪದದ ಹೊತ್ತಿಗೆ ನನ್ನ ತಲೆ ತೂಗತೊಡಗಿತು, ಬೆರಳು ನಿಂತಿತು. ಪೆಟ್ಟಿಗೆ ನಿಲ್ಲಲಿಲ್ಲ, ಪದವೂ ನಿಲ್ಲಲಿಲ್ಲ. ನಾನು ನಿಲ್ಲಿಸಿದ್ದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆದರೂ ಮೊಣಕೈ ಬಂದು ಪಕ್ಕೆಗೆ ಮುಟ್ಟಿತು.